ಲೀಟರಿಗೆ ಇಪ್ಪತ್ತು ಎಂ.ಎಲ್.

ಸಾಹಿತ್ಯದ ಪತ್ರದಲ್ಲಿ ಎಂಜಿನ್ ಆಯಿಲ್ ಮಾತು ಎತ್ತುವುದು ಸಂಗೀತ ಕಚೇರಿಯ ನಡುವೆ ಸ್ಪ್ಯಾನರ್ ಬೀಳಿಸಿದ ಹಾಗೆ ಎಂಬುದು ನಮಗೆ ಗೊತ್ತು. ಆದರೆ ನಮ್ಮ ಬಳಗದಲ್ಲಿ ಊರಿನ ನೆನಪು ತೆಗೆದಾಗಲೆಲ್ಲ ಮಲ್ಲಿಗೆ, ಫಿಲ್ಟರ್ ಕಾಫಿ, ಮೊದಲ ಮಳೆಯ ಮಣ್ಣು, ಇವೇ ಮೂರು ವಾಸನೆಗಳು ಸುತ್ತಿ ಸುತ್ತಿ ಬರುತ್ತವೆ. ನಾಲ್ಕನೆಯದನ್ನು ಯಾರೂ ಹೇಳುವುದಿಲ್ಲ. ಪೆಟ್ರೋಲೂ ಎಣ್ಣೆಯೂ ಒಟ್ಟಿಗೆ ಅರೆಬೆಂದ ವಾಸನೆ ಅದು. 1960ರಿಂದ 2000ದವರೆಗಿನ ಯಾವ ದಶಕದಲ್ಲಿ ನೀವು ಬೆಂಗಳೂರನ್ನೋ ಮೈಸೂರನ್ನೋ ಹುಬ್ಬಳ್ಳಿಯನ್ನೋ ಬಿಟ್ಟು ಬಂದಿದ್ದರೂ, ಸಿಗ್ನಲ್ಲಿನಲ್ಲಿ ಮುಂದೆ ನಿಂತ ಸ್ಕೂಟರಿನ ಹಿಂಬದಿಯಿಂದ ಅದು ನಿಮ್ಮ ಮೂಗಿಗೆ ಬಡಿದಿರಲೇಬೇಕು. ಆ ನೀಲಿ ಹೊಗೆಗೂ ಒಂದು ಚರಿತ್ರೆಯಿದೆ. ಅದರಲ್ಲಿ ಇಂಗ್ಲೆಂಡಿನ ಒಂದು ಊರು ಬರುತ್ತದೆ, ಹರಳೆಣ್ಣೆ ಬರುತ್ತದೆ, ಮೈಸೂರಿನ ಯಾದವಗಿರಿ ಬರುತ್ತದೆ, ದೆಹಲಿಯ ಸುಪ್ರೀಂ ಕೋರ್ಟು ಬರುತ್ತದೆ, ನಮ್ಮ ಕೋಲಾರದ ಕಡೆಯ ಒಬ್ಬ ಹುಡುಗನ ಸಾವೂ ಬರುತ್ತದೆ.

ಶುರುವಾಗುವುದು 1881ರಲ್ಲಿ. ಸ್ಕಾಟ್ಲೆಂಡಿನ ಡುಗಾಲ್ಡ್ ಕ್ಲರ್ಕ್ ಎಂಬ ಎಂಜಿನಿಯರು ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೇಟೆಂಟ್ ಪಡೆದರು. ಅದಕ್ಕೆ ಬೇರೆಯದೇ ಒಂದು ಪಂಪು ಬೇಕಿತ್ತು. ಹತ್ತು ವರ್ಷದ ನಂತರ, 1891ರಲ್ಲಿ, ಬಾತ್ ಊರಿನ ಜೋಸೆಫ್ ಡೇ ಎಂಬುವರು ಆ ಪಂಪನ್ನು ತೆಗೆದೇಬಿಟ್ಟರು. ಪಿಸ್ಟನ್ ಮೇಲೆ ಹೋಗುವಾಗ ಅದರ ಕೆಳಗಿನ ಪೆಟ್ಟಿಗೆಯಲ್ಲಿ, ಅಂದರೆ ಕ್ರ್ಯಾಂಕ್‌ಕೇಸಿನಲ್ಲಿ, ಹೇಗೂ ಜಾಗ ದೊಡ್ಡದಾಗುತ್ತದೆ, ಇಳಿಯುವಾಗ ಸಣ್ಣದಾಗುತ್ತದೆ. ಆ ಪೆಟ್ಟಿಗೆಯೇ ಪಂಪಿನ ಕೆಲಸ ಮಾಡಲಿ ಎಂದರು. ಅವರ ಬಳಿ ಕೆಲಸಕ್ಕಿದ್ದ ಫ್ರೆಡ್ರಿಕ್ ಕಾಕ್ ಎಂಬುವರು ಮರುವರ್ಷ ವಾಲ್ವುಗಳನ್ನೂ ಬಿಡಿಸಿ, ಸಿಲಿಂಡರಿನ ಗೋಡೆಯಲ್ಲಿ ಮೂರು ಕಿಂಡಿ ಕೊರೆದು ಕೆಲಸ ಮುಗಿಸಿದರು. ಚಲಿಸುವ ಭಾಗಗಳು ಮೂರೇ ಮೂರು: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕು. ಬಡವರ ಎಂಜಿನ್ ಹುಟ್ಟಿದ್ದು ಹೀಗೆ. ಹಗುರ, ಅಗ್ಗ, ಸುತ್ತಿಗೆ ಮತ್ತು ಪ್ಲಗ್ ಸ್ಪ್ಯಾನರ್ ಇದ್ದವನು ರಿಪೇರಿ ಮಾಡಬಲ್ಲಂಥದ್ದು.

ಆದರೆ ಈ ಸರಳತೆಗೆ ಎರಡು ಸಾಲಗಳು ಅಂಟಿಕೊಂಡಿದ್ದವು, ಎರಡನ್ನೂ ತೀರಿಸಿದ್ದು ಬೀದಿಯಲ್ಲಿ ಉಸಿರಾಡುವವರು.

ಮೊದಲನೆಯದು ಎಣ್ಣೆಯದು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಎಣ್ಣೆ ಕೆಳಗೆ ತೊಟ್ಟಿಯಲ್ಲಿ ಕೂತು, ಮೇಲೆ ಹೋಗಿ, ಕೆಲಸ ಮಾಡಿ, ಮತ್ತೆ ಕೆಳಗಿಳಿಯುತ್ತದೆ. ಡೇ ಅವರ ಎಂಜಿನ್ನಿನಲ್ಲಿ ಆ ತೊಟ್ಟಿಯ ಜಾಗವೇ ಪಂಪು. ಪೆಟ್ರೋಲು-ಗಾಳಿ ಅದರೊಳಗಿಂದಲೇ ಹಾದು ಹೋಗಬೇಕು. ಹಾಗಾಗಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿಬಿಡುವುದು ಸುಲಭದ ದಾರಿಯಾಯಿತು. ಅದು ಬೇರಿಂಗುಗಳಿಗೆ, ಸಿಲಿಂಡರಿನ ಗೋಡೆಗೆ ಅಷ್ಟಿಷ್ಟು ಸವರಿಕೊಂಡು, ಕೊನೆಗೆ ಪೆಟ್ರೋಲಿನ ಜೊತೆ ತಾನೂ ಬೆಂಕಿಗೆ ಬೀಳುತ್ತದೆ. ಒಳಗೆ ಹೋದ ಎಣ್ಣೆ ವಾಪಸು ಬರುವ ಲೆಕ್ಕವೇ ಇಲ್ಲ. ಪೂರ್ತಿ ಸುಡದ ಪಾಲು ಸಣ್ಣ ಹನಿಗಳಾಗಿ ಸೈಲೆನ್ಸರಿನಿಂದ ಹೊರಬೀಳುತ್ತದೆ. ನೀಲಿ ಹೊಗೆ ಎಂದರೆ ಬಹುಮಟ್ಟಿಗೆ ಈ ಎಣ್ಣೆಯ ಮಂಜು.

ಎರಡನೆಯದು ಕಣ್ಣಿಗೆ ಕಾಣದ್ದು, ನಮ್ಮ ಲೆಕ್ಕದಲ್ಲಿ ಇನ್ನೂ ದೊಡ್ಡದು. ಮೆಜೆಸ್ಟಿಕ್‌ನಲ್ಲಿ ಸಿಟಿ ಬಸ್ಸು ನಿಂತಾಗ ಒಂದು ಬಾಗಿಲಿನಿಂದ ಜನ ನುಗ್ಗುತ್ತಿದ್ದಂತೆಯೇ ಇನ್ನೊಂದರಿಂದ ಇಳಿಯುವವರು ಇಳಿಯುತ್ತಿರುತ್ತಾರಲ್ಲ, ನೂಕುನುಗ್ಗಲು ಜೋರಾದರೆ ಈಗ ತಾನೇ ಹತ್ತಿದವರೂ ಆ ಬಾಗಿಲಿನಿಂದ ಕೆಳಗೆ ಬೀಳುವುದುಂಟು. ಇಲ್ಲಿಯೂ ಹಾಗೆಯೇ. ಹಳೆಯ ಹೊಗೆಯನ್ನು ಹೊರದಬ್ಬುವುದು ಹೊಸದಾಗಿ ಬರುವ ಪೆಟ್ರೋಲು-ಗಾಳಿ. ಎರಡೂ ಕಿಂಡಿಗಳು ಒಂದೇ ಹೊತ್ತಿನಲ್ಲಿ ತೆರೆದಿರುತ್ತವೆ. ಒಳಗೆ ಬಂದದ್ದರಲ್ಲಿ ನೂರಕ್ಕೆ 15ರಿಂದ 40ರಷ್ಟು ಪಾಲು ಕಿಡಿಯನ್ನೇ ಕಾಣದೆ ಹಾಗೆಯೇ ಹೊರಗೆ ಹೋಗಬಹುದು. ಸೈಲೆನ್ಸರಿನ ಬಾಯಲ್ಲಿ ಬರುವುದು ಹೊಗೆ ಮಾತ್ರವಲ್ಲ, ಹಸಿ ಪೆಟ್ರೋಲು. ಒಂದು ಮಾತು ಅದರ ಪರವಾಗಿಯೂ ಹೇಳಬೇಕು: ಸಾರಜನಕದ ಆಕ್ಸೈಡುಗಳು ಈ ಎಂಜಿನ್ನಿನಲ್ಲಿ ಕಡಿಮೆ, ಯಾಕೆಂದರೆ ಒಳಗಿನ ಉರಿ ಅಷ್ಟು ತೀವ್ರವಲ್ಲ.

ಯಾವ ಎಣ್ಣೆ ಹಾಕಬೇಕು ಎಂಬ ಪ್ರಶ್ನೆ ಶುರುವಿನಿಂದಲೂ ಇತ್ತು. ಹಿಂದಿನ ಕಾಲದ ರೇಸಿನವರೂ ವಿಮಾನದವರೂ ನಂಬಿದ್ದು ಹರಳೆಣ್ಣೆಯನ್ನು. ಹೌದು, ನಮ್ಮ ಅಜ್ಜಿಯರು ಶನಿವಾರ ತಲೆಗೆ ತಟ್ಟಿ, ತಿಂಗಳಿಗೊಮ್ಮೆ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಹರಳೆಣ್ಣೆ. ಎಷ್ಟು ಬಿಸಿಯಾದರೂ ಲೋಹವನ್ನು ಬಿಡದೆ ಅಂಟಿಕೊಂಡಿರುವ ಗುಣ ಅದಕ್ಕಿದೆ. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೇ ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ. ಮೊದಲ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳ ಪೈಲಟ್‌ಗಳು ಮುಖದ ಮೇಲೆ ಹಾರಿ ಬರುತ್ತಿದ್ದ ಅದರ ಮಂಜನ್ನು ನುಂಗಿ ಪಡುತ್ತಿದ್ದ ಪಾಡು ನಮ್ಮ ಅಜ್ಜಿಯರಿಗೆ ಹೇಳಿದರೆ ಆಶ್ಚರ್ಯವೇನೂ ಆಗುತ್ತಿರಲಿಲ್ಲ. ಆದರೆ ಹರಳೆಣ್ಣೆ ಸುಟ್ಟರೆ ಗೋಂದಿನಂಥ ಪದರ ಬಿಡುತ್ತದೆ, ಪಿಸ್ಟನ್ ರಿಂಗುಗಳು ಸಿಕ್ಕಿಕೊಳ್ಳುತ್ತವೆ. ದಿನನಿತ್ಯದ ಗಾಡಿಗೆ ಕಲ್ಲೆಣ್ಣೆಯಿಂದ ಬಂದ ಮಿನರಲ್ ಆಯಿಲ್ಲೇ ಅಗ್ಗವಾಯಿತು. ಹೊಗೆಯ ಕಾಲವನ್ನು ತಂದದ್ದು ಅದು.

ಭಾರತಕ್ಕೆ ಈ ಎಂಜಿನ್ನು ಸ್ವಾತಂತ್ರ್ಯದ ಜೊತೆಜೊತೆಗೇ ಬಂತೆನ್ನಬಹುದು. ಬಜಾಜ್ ಕುಟುಂಬದ ಕಂಪನಿ 1948ರಲ್ಲಿ ಇಟಲಿಯ ವೆಸ್ಪಾ ತರಿಸಿ ಮಾರಲು ಶುರುಮಾಡಿತು, 1959ರಲ್ಲಿ ಇಲ್ಲಿಯೇ ತಯಾರಿಸುವ ಲೈಸೆನ್ಸು ಪಡೆಯಿತು. ಎಸ್ಕಾರ್ಟ್ಸ್‌ನವರು ಪೋಲೆಂಡಿನ ಮಾದರಿಯ ಮೇಲೆ ರಾಜದೂತ್ ಮಾಡಿದರು. ನಮ್ಮ ಪಾಲಿಗೆ ಬಂದದ್ದು ಜಾವಾ. ಜೆಕೊಸ್ಲೊವಾಕಿಯದಲ್ಲಿ ಯಾನೆಚೆಕ್ ಎಂಬುವರು 1929ರಲ್ಲಿ ಕಟ್ಟಿದ ಕಂಪನಿ ಅದು. ಅವರ ಹೆಸರಿನ ಮೊದಲೆರಡು ಅಕ್ಷರ, ಅವರು ಕೊಂಡ ವಾಂಡರರ್ ಎಂಬ ಜರ್ಮನ್ ಬೈಕಿನ ಮೊದಲೆರಡು ಅಕ್ಷರ ಸೇರಿ ಆ ಹೆಸರು. ಇರಾನಿ ಮನೆತನದವರು 1960ರಲ್ಲಿ ಐಡಿಯಲ್ ಜಾವಾ ಸ್ಥಾಪಿಸಿ ಮರುವರ್ಷ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ನಡೆಸತೊಡಗಿದರು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. ಇರಾನಿನ ಯಜ್ದ್ ಊರಿನ ನೆನಪಿಗೆ. ಹಾಗಾಗಿ ಪಾರಸಿಯ ಊರಿನ ಹೆಸರು, ಜೆಕ್ ಎಂಜಿನ್ನು, ಮೈಸೂರಿನ ಕೈಗಳು. ಗೇರು ಹಾಕುವ ಕಡ್ಡಿಯನ್ನೇ ತಿರುಗಿಸಿದರೆ ಕಿಕ್ಕರು. ಹುಡುಗರು ಸೈಲೆನ್ಸರಿನ ಒಳಗಿನ ಬ್ಯಾಫಲ್ ಕಿತ್ತು ಹಾಕಿಸಿ ರಾತ್ರಿ ಹತ್ತು ಗಂಟೆಗೆ ಇಡೀ ಬಡಾವಣೆಗೆ ತಮ್ಮ ಆಗಮನ ಸಾರುತ್ತಿದ್ದರು. ನಿಮ್ಮಲ್ಲಿ ಕೆಲವರು ಹೀಗೆ ಸಾರಿದವರೇ ಇರಬಹುದು, ಹೆಸರು ಹೇಳುವುದಿಲ್ಲ.

ಬಂಕಿನಲ್ಲಿ ಏನಾಗುತ್ತಿತ್ತು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಊರಿನ ಗಾಳಿಯ ಹಣೆಬರಹ ನಿರ್ಧಾರವಾಗುತ್ತಿದ್ದದ್ದು ಅಲ್ಲಿ. ಪೆಟ್ರೋಲು ಹಾಕುವ ಹುಡುಗ "ಆಯಿಲ್ ಎಷ್ಟು ಸಾರ್?" ಎಂದು ಕೇಳುತ್ತಿದ್ದ. ಹಳೆಯ ಎಂಜಿನ್ನುಗಳಿಗೆ ಲೀಟರಿಗೆ 40-50 ಎಂ.ಎಲ್. ಬೇಕಿತ್ತು. ನಂತರ ಬಂದ ಸ್ಕೂಟರುಗಳಿಗೆ ಕಂಪನಿಯವರೇ ಹೇಳಿದ್ದು ನೂರಕ್ಕೆ ಎರಡು, ಅಂದರೆ ಲೀಟರಿಗೆ ಇಪ್ಪತ್ತು ಎಂ.ಎಲ್. ಸಾಕು ಎಂದು. ಆದರೆ ಆ ಸಂಖ್ಯೆ ಕೈಪಿಡಿಯಲ್ಲಿತ್ತು, ಕೈಪಿಡಿ ಮನೆಯ ಬೀರುವಿನಲ್ಲಿತ್ತು. ಬಂಕಿನಲ್ಲಿದ್ದದ್ದು ಡ್ರಮ್ಮಿನಿಂದ ತೆಗೆದ ಲೂಸ್ ಆಯಿಲ್ ಮತ್ತು ಒಂದು ಅಳತೆಯ ಡಬ್ಬ. ಸುರಿದ ಮೇಲೆ ಸ್ಕೂಟರಿನ ಹ್ಯಾಂಡಲ್ ಹಿಡಿದು ಎಡಕ್ಕೂ ಬಲಕ್ಕೂ ಎರಡು ಸಲ ಅಲ್ಲಾಡಿಸಿದರೆ ಮಿಶ್ರಣ ಮುಗಿಯಿತು. ಡ್ರಮ್ಮಿನಲ್ಲಿದ್ದದ್ದು ನಿಜವಾಗಿ ಟೂ-ಟಿ ಆಯಿಲ್ಲೇ, ಸಾಮಾನ್ಯ ಎಂಜಿನ್ ಆಯಿಲ್ಲೇ, ಅಥವಾ ಬೇರೆ ಗಾಡಿಯಿಂದ ಇಳಿಸಿ ಸೋಸಿದ ವೇಸ್ಟ್ ಆಯಿಲ್ಲೇ ಎಂದು ಯಾರೂ ಕೇಳುತ್ತಿರಲಿಲ್ಲ.

ಆಟೋ ಓಡಿಸುವವರು ಇನ್ನೂ ಧಾರಾಳಿಗಳು. ದಕ್ಷಿಣ ಏಷ್ಯಾದ ಎರಡು ಸ್ಟ್ರೋಕ್ ಗಾಡಿಗಳ ಬಗ್ಗೆ ವಿಶ್ವಬ್ಯಾಂಕ್ 2000ದಲ್ಲಿ ಹೊರತಂದ ಅಧ್ಯಯನ ಈ ಧಾರಾಳವನ್ನು ದಾಖಲಿಸಿದೆ: ಬೇಕಾದ್ದಕ್ಕಿಂತ ಬಹಳ ಹೆಚ್ಚು ಎಣ್ಣೆ, ಅದೂ ಟೂ-ಟಿ ಅಲ್ಲದ ಬರೀ ಮಿನರಲ್ ಆಯಿಲ್. ಹೆಚ್ಚು ಎಣ್ಣೆ ಹಾಕಿದರೆ ಎಂಜಿನ್ ತಣ್ಣಗಿರುತ್ತದೆ, ಮೈಲೇಜೂ ಹೆಚ್ಚು ಬರುತ್ತದೆ ಎಂಬ ನಂಬಿಕೆ. ಇದನ್ನು ಅಜ್ಞಾನ ಎಂದು ಬರೆದು ಮುಂದೆ ಹೋದವರು ಬಹಳ ಜನ. ನಮಗೆ ಹಾಗೆ ತೋರುವುದಿಲ್ಲ. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಸೀಜ್ ಆಗುತ್ತದೆ. ಆಟೋ ಬಾಡಿಗೆಯದಾದರೆ ಮಾಲೀಕನಿಗೆ ಅಂದಿನ ಬಾಡಿಗೆಯನ್ನೂ ಕೊಡಬೇಕು, ಬೋರು ಮಾಡಿಸುವ ಖರ್ಚಿನ ಜಗಳವನ್ನೂ ಆಡಬೇಕು, ಎರಡು ದಿನ ದುಡಿಮೆಯೂ ಇಲ್ಲ. ಹೆಚ್ಚು ಎಣ್ಣೆಯಿಂದ ಬರುವ ಹೊಗೆಯ ಖರ್ಚು ಮಾತ್ರ ಅವನ ಜೇಬಿನಿಂದ ಹೋಗುವುದಿಲ್ಲ. ಅವನ ಎದೆಯೊಳಗೆ ಹೋಗುತ್ತದೆ, ನಿಜ; ಹಳೆಯ ಮುಂಗಡೆ ಎಂಜಿನ್ನಿನ ಆಟೋಗಳಲ್ಲಂತೂ ಎಂಜಿನ್ನು ಅವನ ಕಾಲ ಹತ್ತಿರವೇ. ಆದರೆ ಅದರ ಬಿಲ್ಲು ಬರುವುದು ಇಪ್ಪತ್ತು ವರ್ಷದ ಮೇಲೆ.

ಮಾಡಲು ದಾರಿ ಇರಲಿಲ್ಲವೇ? ಇತ್ತು. ಜಪಾನಿನ ಯಮಾಹಾ 1964ರ ಹೊತ್ತಿಗೇ ಆಟೋಲ್ಯೂಬ್ ಎಂಬ ಪಂಪನ್ನು ತಂದಿತ್ತು: ಎಣ್ಣೆಗೆ ಬೇರೆ ಟ್ಯಾಂಕು, ಎಂಜಿನ್ನಿನ ವೇಗಕ್ಕೂ ಆಕ್ಸಿಲರೇಟರಿಗೂ ತಕ್ಕಂತೆ ಬೇಕಾದಷ್ಟೇ ಎಣ್ಣೆ. ಯೆಜ್ಡಿಯಲ್ಲೂ ಆಯಿಲ್ ಕಿಂಗ್ ಎಂಬ ಮಾದರಿ ಇದೇ ಉದ್ದೇಶದಿಂದ ಬಂತು. 1985ರಲ್ಲಿ ಬಂದ ಆರ್‌ಎಕ್ಸ್ 100 ಹೊಂದಿದ್ದವರಿಗೆ ಪಕ್ಕದ ಆ ಪುಟ್ಟ ಎಣ್ಣೆ ಟ್ಯಾಂಕು ನೆನಪಿರಬಹುದು. ಸಾಮಾನ್ಯರ ಸ್ಕೂಟರಿಗೆ, ಆಟೋಗೆ, ಮೊಪೆಡ್ಡಿಗೆ ಮಾತ್ರ ಬಂಕಿನ ಹುಡುಗನ ಕೈಯೇ ಪಂಪು.

ಅದೇ 1985ರಲ್ಲಿ ಹೀರೊ ಹೋಂಡಾದವರು ಸಿಡಿ 100 ಬಿಟ್ಟರು. ತುಂಬಿಸು, ಮುಚ್ಚು, ಮರೆತುಬಿಡು ಎಂಬ ಅದರ ಜಾಹೀರಾತು ಬಹಳ ಜನಪ್ರಿಯವಾಯಿತು. ನಾಲ್ಕು ಸ್ಟ್ರೋಕಿನ ಎಂಜಿನ್ನು, ಎಣ್ಣೆ ಬೆರೆಸುವ ತಾಪತ್ರಯವಿಲ್ಲ. ಜನ ಅದನ್ನು ಕೊಂಡದ್ದು ಗಾಳಿಯ ಮೇಲಿನ ಪ್ರೀತಿಯಿಂದಲ್ಲ, ಮೈಲೇಜಿಗಾಗಿ. ಹೊರಗೆ ಸೋರಿಹೋಗುತ್ತಿದ್ದ ಹಸಿ ಪೆಟ್ರೋಲು ಒಳಗೇ ಉರಿದರೆ ಮೈಲೇಜು ಹೆಚ್ಚದೆ ಇರುತ್ತದೆಯೇ? ಹೊಗೆಯೂ ಜೇಬೂ ಒಂದೇ ದಿಕ್ಕಿಗೆ ಎಳೆದ ಅಪರೂಪದ ಸಂದರ್ಭ ಅದು. ಆದರೂ ಹಳೆಯ ಎಂಜಿನ್ನಿನ ಎಳೆತ, ಮುರುಕು ರಸ್ತೆಯಲ್ಲಿ ಅದರ ತಾಳ್ಮೆ, ಬೀದಿ ಮೆಕ್ಯಾನಿಕ್ಕಿನ ಪರಿಚಯ ಇವೆಲ್ಲ ಸೇರಿ 1990ರ ದಶಕದಲ್ಲೂ ಬಹುಪಾಲು ದ್ವಿಚಕ್ರಗಳು ಎರಡು ಸ್ಟ್ರೋಕಿನವೇ ಆಗಿದ್ದವು. ದೇಶದ ಒಟ್ಟು ವಾಹನಗಳಲ್ಲಿ ಸುಮಾರು ಮೂರನೇ ಎರಡು ಪಾಲು ದ್ವಿಚಕ್ರ-ತ್ರಿಚಕ್ರಗಳು. ಲೆಕ್ಕ ನೀವೇ ಹಾಕಿ.

ಇಲ್ಲಿ ಪೆಟ್ರೋಲಿನ ಒಳಗಿನ ಕಥೆಯೂ ಸೇರಿಕೊಳ್ಳುತ್ತದೆ. ಅಮೆರಿಕದ ಥಾಮಸ್ ಮಿಡ್ಗ್ಲಿ 1921ರಲ್ಲಿ ಪೆಟ್ರೋಲಿಗೆ ಸೀಸ ಬೆರೆಸಿ ಎಂಜಿನ್ನಿನ ಬಡಿತ ನಿಲ್ಲಿಸುವ ಉಪಾಯ ಕಂಡುಹಿಡಿದರು. ಆ ಸೀಸ ಮಕ್ಕಳ ಮೆದುಳಿಗೆ ಮಾಡಿದ ಹಾನಿ ಬೇರೆಯೇ ದೊಡ್ಡ ಚರಿತ್ರೆ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಸೀಸ ಕೊಲ್ಲುತ್ತದೆ. ಭಾರತದ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲು 1995ರಲ್ಲಿ ಬಂತು. ದೇಶದಾದ್ಯಂತ ಸೀಸದ ಪೆಟ್ರೋಲು ನಿಂತದ್ದು 2000ದ ಫೆಬ್ರವರಿಯಲ್ಲಿ. ಒಳ್ಳೆಯದೇ ಆಯಿತು. ಆದರೆ ಸೀಸ ತೆಗೆದ ಮೇಲೆ ಆಕ್ಟೇನ್ ಕಾಪಾಡಲು ಸಂಸ್ಕರಣಾಗಾರಗಳು ಅರೋಮ್ಯಾಟಿಕ್ ಎಂಬ ಗುಂಪಿನ ರಾಸಾಯನಿಕಗಳ ಮೊರೆ ಹೋಗುತ್ತವೆ. ಅವುಗಳಲ್ಲೊಂದು ಬೆಂಜೀನ್, ರಕ್ತದ ಕ್ಯಾನ್ಸರಿಗೆ ಕಾರಣವಾಗುವಂಥದ್ದು. ಕಾರಿನಲ್ಲಿ ಅದು ಬಹುಪಾಲು ಸುಟ್ಟುಹೋಗುತ್ತದೆ, ಉಳಿದದ್ದನ್ನು ಕನ್ವರ್ಟರು ನೋಡಿಕೊಳ್ಳುತ್ತದೆ. ಹಸಿ ಪೆಟ್ರೋಲನ್ನೇ ಉಗುಳುವ ಎಂಜಿನ್ನಿನಲ್ಲಿ? ಟ್ಯಾಂಕಿನಲ್ಲಿ ಏನಿದೆಯೋ ಅದೇ ಬೀದಿಗೆ. ಕಾರಿಗೆಂದು ಸರಿಪಡಿಸಿದ ಇಂಧನ ಸ್ಕೂಟರಿಗೆ ಇನ್ನೊಂದು ಬಗೆಯ ತೊಂದರೆಯಾಗಬಹುದಿತ್ತು. ಬೆಂಜೀನಿನ ಮಿತಿ ಭಾರತ್ ಸ್ಟೇಜ್ 3ರ ಹೊತ್ತಿಗೆ ಶೇಕಡಾ 1ಕ್ಕೆ ಇಳಿಯಿತು. ಬೆಂಗಳೂರಿನಂಥ ದೊಡ್ಡ ಊರುಗಳಿಗೆ ಅದು 2005ರಲ್ಲಿ ಬಂತು, ಉಳಿದ ದೇಶಕ್ಕೆ 2010ರಲ್ಲಿ.

ಎಣ್ಣೆಗೆ ಕಾನೂನು ಕೈ ಹಾಕಿದ್ದು ದೆಹಲಿಯಲ್ಲಿ. ಎಂ.ಸಿ. ಮೆಹ್ತಾ ಅವರ ಪ್ರಸಿದ್ಧ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1998ರ ಜುಲೈ 28ರಂದು ಕೊಟ್ಟ ಆದೇಶ ಎಲ್ಲರಿಗೂ ನೆನಪಿರುವುದು ಸಿ.ಎನ್.ಜಿ. ಬಸ್ಸುಗಳಿಂದ. ಅದೇ ಆದೇಶದಲ್ಲಿ ಎರಡು ಪುಟ್ಟ ಸಾಲುಗಳಿದ್ದವು: ಆ ವರ್ಷದ ಡಿಸೆಂಬರ್ 31ರ ಒಳಗೆ ಲೂಸ್ ಟೂ-ಟಿ ಆಯಿಲ್ ಮಾರಾಟ ನಿಲ್ಲಬೇಕು, ಬಂಕುಗಳಲ್ಲಿ ಪೆಟ್ರೋಲು-ಎಣ್ಣೆಯನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿಯೇ ಕೊಡುವ ಯಂತ್ರಗಳು ಹೆಚ್ಚಬೇಕು. ದೇಶದ ಅತ್ಯುನ್ನತ ನ್ಯಾಯಾಲಯ ಒಂದು ಡಬ್ಬದ ಬಗ್ಗೆ, ಒಂದು ಡ್ರಮ್ಮಿನ ಬಗ್ಗೆ ಯೋಚಿಸಿತು. ಬಸ್ಸಿನ ಜಗಳದಷ್ಟು ಸುದ್ದಿಯಾಗದೆ ಹೋದ ಆ ಸಾಲುಗಳೇ ನಮಗೆ ಹೆಚ್ಚು ಜಾಣತನದವಾಗಿ ಕಾಣುತ್ತವೆ. ಹೊಸ ಎಂಜಿನ್ ಕೊಳ್ಳಲು ಚಾಲಕನಿಗೆ ಸಾಲ ಬೇಕು. ಸರಿಯಾದ ಎಣ್ಣೆ ಸರಿಯಾದ ಅಳತೆಯಲ್ಲಿ ಸಿಗಲು ಬಂಕಿನಲ್ಲಿ ಒಂದು ಯಂತ್ರ ಸಾಕು.

ಮುಂದೆ ದೇಶಕ್ಕೆಲ್ಲ ಕಡಿಮೆ ಹೊಗೆಯ ಎಣ್ಣೆ ಕಡ್ಡಾಯವಾಯಿತು. ಜಪಾನಿನವರು 1990ರ ದಶಕದಲ್ಲಿ ಎಫ್‌ಎ, ಎಫ್‌ಬಿ, ಎಫ್‌ಸಿ ಎಂದು ಎಣ್ಣೆಗಳಿಗೆ ದರ್ಜೆ ಕೊಟ್ಟಿದ್ದರು. ಎಫ್‌ಸಿ ಎಂದರೆ ಕಡಿಮೆ ಹೊಗೆ. ಅದರ ಗುಟ್ಟು ಇಷ್ಟೇ. ಹಳೆಯ ಎಣ್ಣೆಯಲ್ಲಿದ್ದ ದಪ್ಪ ಮಿನರಲ್ ಭಾಗದ ಬದಲು ಪಾಲಿಐಸೊಬ್ಯುಟಿಲೀನ್ ಎಂಬ ಕೃತಕ ಪದಾರ್ಥ ಹಾಕುತ್ತಾರೆ. ಬಿಸಿ ಏರಿದಾಗ ಅದು ತುಂಡುತುಂಡಾಗಿ ಒಡೆದು ಹೆಚ್ಚೇನೂ ಉಳಿಸದೆ ಹೋಗುತ್ತದೆ. ಕೆಲವೇ ವರ್ಷಗಳಲ್ಲಿ ಸಿಗ್ನಲ್ಲುಗಳ ನೀಲಿ ಮೋಡ ತೆಳುವಾಯಿತು. ಆದರೆ ಇದರಲ್ಲಿ ಒಂದು ಕಣ್ಕಟ್ಟೂ ಇದೆ. ಒಳ್ಳೆಯ ಎಣ್ಣೆ ಕಡಿಮೆ ಮಾಡುವುದು ಎಣ್ಣೆಯ ಮಂಜನ್ನು. ಹಸಿ ಪೆಟ್ರೋಲಿನ ಸೋರಿಕೆಗೂ ಕಾರ್ಬನ್ ಮಾನಾಕ್ಸೈಡಿಗೂ ಎಣ್ಣೆಯ ದರ್ಜೆಗೂ ಹೆಚ್ಚು ಸಂಬಂಧವಿಲ್ಲ. ಕಣ್ಣಿಗೆ ಕಾಣುತ್ತಿದ್ದದ್ದು ಹೋಯಿತು, ಕಾಣದ್ದು ಉಳಿಯಿತು.

ತಮಾಷೆ ಎಂದರೆ ನಮ್ಮ ಎಮಿಷನ್ ಟೆಸ್ಟು ಇದಕ್ಕೆ ಸರಿಯಾಗಿ ತಿರುಗುಮುರುಗು. ಪೆಟ್ರೋಲ್ ಗಾಡಿಗಳ ಸೈಲೆನ್ಸರಿಗೆ ಕೊಳವೆ ತೂರಿಸಿ ಅಳೆಯುತ್ತಿದ್ದದ್ದು ಕಾರ್ಬನ್ ಮಾನಾಕ್ಸೈಡು ಮತ್ತು ಹೈಡ್ರೋಕಾರ್ಬನ್ನು ಮಾತ್ರ. ಜನ ಕೆಮ್ಮುತ್ತಿದ್ದ ಎಣ್ಣೆಯ ಮಂಜಿಗೆ ಅಲ್ಲಿ ಅಳತೆಯೇ ಇಲ್ಲ. 2004ರ ಅಕ್ಟೋಬರಿನಿಂದ ಬಂದ ಮಿತಿಗಳನ್ನು ನೋಡಿ: 2000ಕ್ಕಿಂತ ಹಳೆಯ ದ್ವಿಚಕ್ರ-ತ್ರಿಚಕ್ರಗಳಿಗೆ ಹೈಡ್ರೋಕಾರ್ಬನ್ 9000 ಪಿಪಿಎಂವರೆಗೆ ಮಾಫಿ, ನಂತರದ ಎರಡು ಸ್ಟ್ರೋಕಿಗೆ 6000, ನಾಲ್ಕು ಸ್ಟ್ರೋಕಿಗೆ 4500. ಒಂದೇ ರಸ್ತೆ, ಒಂದೇ ಗಾಳಿ, ಆದರೆ ಎಂಜಿನ್ನಿನ ಜಾತಿ ನೋಡಿ ರಿಯಾಯಿತಿ.

ಇನ್ನು ಸೀಮೆಎಣ್ಣೆ. ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆ 2000ದ ದಶಕದಲ್ಲಿ ಲೀಟರಿಗೆ ಒಂಬತ್ತು ರೂಪಾಯಿ ಆಸುಪಾಸು. ಪೆಟ್ರೋಲು ನಲವತ್ತು ದಾಟಿತ್ತು. ಬಡವರ ಒಲೆಗೆ, ದೀಪಕ್ಕೆ ಎಂದು ಕೊಟ್ಟ ರಿಯಾಯಿತಿಯ ದೊಡ್ಡದೊಂದು ಪಾಲು ಟ್ಯಾಂಕರುಗಳಲ್ಲಿ ಬೇರೆ ದಾರಿ ಹಿಡಿಯಿತು. ಸೀಮೆಎಣ್ಣೆ ಪೆಟ್ರೋಲಿಗಿಂತ ಭಾರ, ಸುಲಭಕ್ಕೆ ಆವಿಯಾಗುವುದಿಲ್ಲ. ಅದನ್ನು ಬೆರೆಸಿದರೆ ಉರಿ ಅರ್ಧಂಬರ್ಧ, ಪ್ಲಗ್ಗಿನ ಮೇಲೆ ಮಸಿ, ಹೊಗೆ ದುಪ್ಪಟ್ಟು ದಟ್ಟ. ನಾಲ್ಕು ಸ್ಟ್ರೋಕಿನ ಎಂಜಿನ್ನು ಬಡಿದುಕೊಂಡು ತಕ್ಷಣ ದೂರು ಹೇಳುತ್ತದೆ. ಎರಡು ಸ್ಟ್ರೋಕಿನದು ಹೊಗೆ ಬಿಟ್ಟುಕೊಂಡಾದರೂ ಎಳೆಯುತ್ತದೆ, ಪಾಪ. ಅದರ ಈ ಸಹನೆಯೇ ಕಲಬೆರಕೆಯವರಿಗೆ ವರವಾಯಿತು. ಎಣ್ಣೆಗೆ ಎಷ್ಟು ಒಳ್ಳೆಯ ದರ್ಜೆ ತಂದರೇನು, ಅದನ್ನು ಬೆರೆಸುವ ಪೆಟ್ರೋಲೇ ಪೆಟ್ರೋಲಲ್ಲದಿದ್ದರೆ?

ಈ ಪ್ರಶ್ನೆಯನ್ನು ಕೆಲಸದ ಭಾಗವಾಗಿ ಕೇಳಿದವರು ಮಂಜುನಾಥ್ ಷಣ್ಮುಗಂ. ಕೋಲಾರ ಚಿನ್ನದ ಗಣಿಯ ಊರಿನವರು. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಲಖನೌದ ಐಐಎಂನಲ್ಲಿ ಮ್ಯಾನೇಜ್‌ಮೆಂಟ್ ಮುಗಿಸಿ, ಇಂಡಿಯನ್ ಆಯಿಲ್ ಕಾರ್ಪೊರೇಷನ್ನಿನಲ್ಲಿ ಸೇಲ್ಸ್ ಆಫೀಸರಾದರು. ಅವರ ಸಹಪಾಠಿಗಳಲ್ಲಿ ಎಷ್ಟೋ ಜನ ನಾವು-ನೀವು ಇರುವಂಥ ದೇಶಗಳಿಗೆ ಬಂದಿರಬಹುದು. ಅವರು ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಬಂಕುಗಳ ಸ್ಯಾಂಪಲ್ ತೆಗೆಯುತ್ತ ತಿರುಗಿದರು. ಕಲಬೆರಕೆಗಾಗಿ ಒಂದು ಬಂಕಿಗೆ ಬೀಗ ಮುದ್ರೆ ಹಾಕಿಸಿದರು. ಅದು ಮತ್ತೆ ತೆರೆದ ಮೇಲೆ ಇನ್ನೊಮ್ಮೆ ತಪಾಸಣೆಗೆ ಹೋದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ವಯಸ್ಸು ಇಪ್ಪತ್ತೇಳು. ಮುಖ್ಯ ಆರೋಪಿಗೆ 2007ರಲ್ಲಿ ಕೆಳಗಿನ ನ್ಯಾಯಾಲಯ ಮರಣದಂಡನೆ ವಿಧಿಸಿತು, 2009ರಲ್ಲಿ ಹೈಕೋರ್ಟು ಜೀವಾವಧಿಗೆ ಇಳಿಸಿತು, 2015ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅವರ ಸಾವಿನ ಸುದ್ದಿ ಬಂದಾಗ ಪತ್ರಿಕೆಗಳು ಪ್ರಾಮಾಣಿಕತೆಯ ಬಗ್ಗೆ ಬಹಳ ಬರೆದವು. ಬರೆಯಬೇಕಾದ್ದೇ. ಆದರೆ ಸುಮಾರು ಮೂವತ್ತೈದು ರೂಪಾಯಿಯ ಆ ಬೆಲೆ ವ್ಯತ್ಯಾಸವನ್ನು ಹಾಗೆಯೇ ಇಟ್ಟುಕೊಂಡು, ಅದರ ಎದುರಿಗೆ ಒಬ್ಬ ಯುವಕನನ್ನು ಸ್ಯಾಂಪಲ್ ಬಾಟಲಿ ಕೊಟ್ಟು ನಿಲ್ಲಿಸಿದ ವ್ಯವಸ್ಥೆಯ ಬಗ್ಗೆ ಬಂದದ್ದು ಕಡಿಮೆ. ರೇಷನ್ ಸೀಮೆಎಣ್ಣೆಯ ಬೆಲೆಯನ್ನು ಸ್ವಲ್ಪಸ್ವಲ್ಪವೇ ಏರಿಸತೊಡಗಿದ್ದು 2016ರಲ್ಲಿ. 2020ರ ಹೊತ್ತಿಗೆ ಕೇಂದ್ರದ ಸಬ್ಸಿಡಿ ಮುಗಿದುಹೋಯಿತು.

ಬೆಂಗಳೂರಿನ ಆಟೋಗಳ ದಾರಿ ದೆಹಲಿಯದಕ್ಕಿಂತ ಬೇರೆ. ದಾಭೋಲಿನಿಂದ ನೈಸರ್ಗಿಕ ಅನಿಲದ ಕೊಳವೆ ಬೆಂಗಳೂರು ಮುಟ್ಟಿದ್ದು 2013ರಲ್ಲಿ. ಅಲ್ಲಿಯವರೆಗೆ ಸಿ.ಎನ್.ಜಿ. ಕನಸಿನ ಮಾತು. ಆದ್ದರಿಂದ ಇಲ್ಲಿ ಎಲ್.ಪಿ.ಜಿ. ಬಂತು. ಸೀಟಿನ ಕೆಳಗೆ ಅಡುಗೆ ಮನೆಯ ಸಿಲಿಂಡರಿನ ಗ್ಯಾಸು ಕದ್ದು ತುಂಬಿಸಿಕೊಂಡವರ ಕಥೆಯೂ ಆ ಜೊತೆಗೇ ಬಂತು; ಸಬ್ಸಿಡಿ ಎಲ್ಲಿದೆಯೋ ಅಲ್ಲಿಗೆ ಕೊಳವೆ ಹೋಗುತ್ತದೆ. ಎರಡು ಸ್ಟ್ರೋಕ್ ಆಟೋ ಗುಜರಿಗೆ ಹಾಕಿ ನಾಲ್ಕು ಸ್ಟ್ರೋಕಿನದು ಕೊಳ್ಳುವವರಿಗೆ 2010ರ ದಶಕದಲ್ಲಿ ಕರ್ನಾಟಕ ಸರ್ಕಾರ 30 ಸಾವಿರ ರೂಪಾಯಿ ಸಹಾಯಧನ ಕೊಟ್ಟಿತು. ಹೊಸ ಆಟೋದ ಬೆಲೆಯ ಮುಂದೆ ಅದು ಸಣ್ಣ ಮೊತ್ತವೇ.

ಕೊನೆಗೆ ಎರಡು ಸ್ಟ್ರೋಕನ್ನು ರಸ್ತೆಯಿಂದ ಇಳಿಸಿದ್ದು ಎಣ್ಣೆಯ ನಿಯಮವಲ್ಲ, ಹೊಸ ಗಾಡಿಗಳ ಮಿತಿ. 1996ರಲ್ಲಿ ದ್ವಿಚಕ್ರಗಳಿಗೆ ಕಿಲೋಮೀಟರಿಗೆ 4.5 ಗ್ರಾಂ ಕಾರ್ಬನ್ ಮಾನಾಕ್ಸೈಡು ಇದ್ದದ್ದು 2000ದಲ್ಲಿ 2 ಗ್ರಾಂ ಆಯಿತು. ಹೈಡ್ರೋಕಾರ್ಬನ್-ಸಾರಜನಕ ಆಕ್ಸೈಡು ಸೇರಿಸಿ ಇನ್ನೊಂದು 2 ಗ್ರಾಂ. ಕನ್ವರ್ಟರ್ ಕಟ್ಟಿಕೊಂಡು ಕೆಲವು ಮಾದರಿಗಳು ಉಸಿರು ಹಿಡಿದವು, ಹೆಚ್ಚಿನವು ಬಿಟ್ಟವು. ಆರ್‌ಎಕ್ಸ್ 100 ಮತ್ತು ಯಾದವಗಿರಿಯ ಕಾರ್ಖಾನೆ ಎರಡೂ 1996ರಲ್ಲೇ ನಿಂತಿದ್ದವು. ಹೊಸೂರಿನ ಟಿವಿಎಸ್ ಮೊಪೆಡ್ಡಿಗೂ 2015ರಲ್ಲಿ ನಾಲ್ಕು ಸ್ಟ್ರೋಕಿನ ಎಂಜಿನ್ನು ಬಂತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮರಳಿ ಬಂದವು, ಎರಡೂ ನಾಲ್ಕು ಸ್ಟ್ರೋಕಿನವಾಗಿ. ಹಳೆಯ ಗಾಡಿ ಇಟ್ಟುಕೊಂಡವರು ಸದ್ದು ಕೇಳಿ ಮುಖ ಸಿಂಡರಿಸಿದರು.

ಇಷ್ಟೆಲ್ಲ ಊರಿನ ಮಾತಾಯಿತು. ನಾವಿರುವ ಕ್ಯಾಲಿಫೋರ್ನಿಯದಲ್ಲಿ ಡೇ ಅವರ ಎಂಜಿನ್ನು ರಸ್ತೆಯಲ್ಲಿಲ್ಲ, ಹಿತ್ತಲಲ್ಲಿದೆ. ಬೆಳಗ್ಗೆ ಎಂಟಕ್ಕೆ ಎಲೆ ಊದುವ ಯಂತ್ರ ಶುರುವಾದಾಗ ಕಿಟಕಿ ಮುಚ್ಚುವವರು ನಾವೆಲ್ಲ. ರಾಜ್ಯದ ವಾಯು ಮಂಡಳಿಯ ಲೆಕ್ಕದಲ್ಲಿ, ಹೆಚ್ಚು ಮಾರಾಟವಾಗುವ ಒಂದು ಪೆಟ್ರೋಲ್ ಬ್ಲೋವರನ್ನು ಒಂದು ಗಂಟೆ ನಡೆಸಿದರೆ ಹೊಂಜು ಕಟ್ಟುವ ಮಾಲಿನ್ಯ 2017ರ ಟೊಯೋಟಾ ಕ್ಯಾಮ್ರಿಯಲ್ಲಿ 1,100 ಮೈಲಿ ಹೋದಷ್ಟಕ್ಕೆ ಸಮ. ಟಾಹೋ ಸರೋವರದಲ್ಲಿ 1999ರಲ್ಲೇ ಕಾರ್ಬ್ಯುರೇಟರಿನ ಎರಡು ಸ್ಟ್ರೋಕ್ ದೋಣಿ ಎಂಜಿನ್ನುಗಳನ್ನು ನಿಷೇಧಿಸಿದರು, ಹಸಿ ಪೆಟ್ರೋಲು ನೇರ ನೀರಿಗೆ ಬೀಳುತ್ತದೆಂದು. 2021ರಲ್ಲಿ ಸಹಿಯಾದ ಕಾನೂನಿನಿಂದಾಗಿ 2024ರ ಮಾದರಿಗಳಿಂದ ಹೊಸ ಪೆಟ್ರೋಲ್ ಬ್ಲೋವರು ಇಲ್ಲಿ ಮಾರಾಟಕ್ಕಿಲ್ಲ. ಸಣ್ಣ ತೋಟಗಾರರು ಬ್ಯಾಟರಿಯದು ಕೊಳ್ಳಲೆಂದು ರಾಜ್ಯ 3 ಕೋಟಿ ಡಾಲರ್ ಎತ್ತಿಟ್ಟಿತು. ಹಳೆಯದನ್ನು ಬಳಸಲು ರಾಜ್ಯದ ತಡೆಯಿಲ್ಲ, ಊರೂರಿನ ನಿಯಮ ಬೇರೆ. ಎಂಜಿನ್ನನ್ನು ಬೆನ್ನಿಗೇ ಕಟ್ಟಿಕೊಂಡು, ಕಿವಿಯ ಹಿಂದೆಯೇ ಹೊಗೆ ಬಿಡಿಸಿಕೊಂಡು ದುಡಿಯುವವನ ಲೆಕ್ಕಾಚಾರ ಆಟೋದವನದಕ್ಕಿಂತ ಬಹಳ ಬೇರೆ ಏನಲ್ಲ.

ಇದೇ ಕಷ್ಟವನ್ನು ಸ್ವೀಡನ್ನಿನವರು ಬೇರೆ ತುದಿಯಿಂದ ಹಿಡಿದರು. ಕಾಡಿನಲ್ಲಿ ದಿನವಿಡೀ ಗರಗಸದ ಹೊಗೆಯಲ್ಲಿ ನಿಲ್ಲುವ ಮರ ಕಡಿಯುವವರಿಗಾಗಿ 1988ರಲ್ಲಿ ಆಸ್ಪೆನ್ ಎಂಬ ಆಲ್ಕಿಲೇಟ್ ಪೆಟ್ರೋಲು ತಂದರು. ಅದರಲ್ಲಿ ಬೆಂಜೀನೂ ಇತರ ಅರೋಮ್ಯಾಟಿಕ್ಕುಗಳೂ ಇಲ್ಲವೆನ್ನುವಷ್ಟು ಕಡಿಮೆ. ಸೋರುವುದೇ ನಿಶ್ಚಯವಾದರೆ ಸೋರುವ ವಸ್ತುವಾದರೂ ಕಡಿಮೆ ವಿಷದ್ದಿರಲಿ ಎಂಬ ಲೆಕ್ಕ. ಯಂತ್ರ ತಯಾರಿಸುವವರೂ ಸುಮ್ಮನೆ ಕೂತಿಲ್ಲ. ಮೊದಲು ಬರೀ ಗಾಳಿಯ ಒಂದು ಪದರ ಕಳಿಸಿ ಹಳೆಯ ಹೊಗೆಯನ್ನು ದಬ್ಬಿ, ಅದರ ಹಿಂದೆ ಪೆಟ್ರೋಲು ಬಿಡುವ ಎಂಜಿನ್ನುಗಳು ಬಂದಿವೆ. ಆ ಬಸ್ಸಿಗೆ ನೂರು ವರ್ಷದ ಮೇಲೆ ಕಂಡಕ್ಟರು ಸಿಕ್ಕಿದ ಹಾಗೆ.

ಮನೆಯಲ್ಲಿ ಹಳೆಯ ಬ್ಲೋವರೋ ಗರಗಸವೋ ಇದ್ದವರು ಒಂದು ವಿಷಯ ಗಮನಿಸಿ. ದೋಣಿಯ ಎಣ್ಣೆಯನ್ನು ಅದಕ್ಕೆ ಹಾಕಬೇಡಿ. ನೀರಿನಿಂದ ತಣ್ಣಗಾಗುವ ಎಂಜಿನ್ನಿಗೆಂದು ಮಾಡಿದ್ದು ಗಾಳಿಯಿಂದ ತಣ್ಣಗಾಗುವುದಕ್ಕೆ ಹೊಂದುವುದಿಲ್ಲ. ಎಥನಾಲ್ ಬೆರೆತ ಪೆಟ್ರೋಲನ್ನು ಚಳಿಗಾಲವೆಲ್ಲ ಟ್ಯಾಂಕಿನಲ್ಲಿ ಬಿಡಬೇಡಿ; ನೀರು ಹೀರಿ ಕಾರ್ಬ್ಯುರೇಟರನ್ನು ಕೆಡಿಸುತ್ತದೆ. ಅಂಗಡಿಯಲ್ಲಿ ಸಿಗುವ ಪುಟ್ಟ ಎಣ್ಣೆ ಬಾಟಲಿಯ ಮೇಲೆ ಎಫ್‌ಸಿ ಅಥವಾ ಎಫ್‌ಡಿ ಎಂಬ ಜಪಾನಿ ದರ್ಜೆ ಇದೆಯೇ ನೋಡಿ. ಒಂದು ಗ್ಯಾಲನ್ನಿಗೆ 2.6 ಔನ್ಸ್ ಎಂದು ಅದರ ಮೇಲೆ ಬರೆದಿರುತ್ತದೆ. ಲೀಟರಿಗೆ ಇಳಿಸಿ ಲೆಕ್ಕ ಹಾಕಿದರೆ ಇಪ್ಪತ್ತು ಎಂ.ಎಲ್.